ಕೈ ತೊಡೆ ಕೆಳಗಿಟ್ಟು ಕೂತ ಹೊತ್ತು

ಇವತ್ತು ಬೆಳಿಗ್ಗೆ ಹೊನ್ನಾಳಿಯ ನಮ್ಮ ಮನೆಯ ಕಂಪ್ಯೂಟರಿಗೆ ಇನ್ನೊಂದು ರ‍್ಯಾಮ್ ಪಟ್ಟಿ ಹಾಕಲು ಕೂತೆ. ಹಾಕುವ ಮುಂಚೆ ಅದರ ಅಂಚಿನ ಹಳದಿ ಲೋಹದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುವುದು ನಮ್ಮ ಮನೆತನದ ಸಂಪ್ರದಾಯ. ಹೊಸ ಪಟ್ಟಿಗೆ ಅದೇಕೆ ಎನ್ನುತ್ತೀರಾ? ಹೊಸ ಪಾತ್ರೆಯನ್ನೂ ತೊಳೆದೇ ತಾನೇ ಒಲೆಗಿಡುವುದು! ಮಗಳ ಪೆಟ್ಟಿಗೆಯಿಂದ ಕದ್ದ ರಬ್ಬರಿಗೆ ಬಾಳೆಹಣ್ಣಿನ ವಾಸನೆ. ಎರಡು ಸಲ ಉಜ್ಜುವಷ್ಟರಲ್ಲಿ ನಾನು ಎಷ್ಟೋ ವರ್ಷ ಹಿಂದಿನ ಚನ್ನಗಿರಿಯಲ್ಲಿ, ಅಕ್ಕನ ಸ್ಟುಡಿಯೋದಲ್ಲಿದ್ದೆ.

ಅಕ್ಕ ಮದುವೆಗಳ ಫೋಟೋ, ವಿಡಿಯೋ ಮಾಡುತ್ತಾಳೆ. ಆಗ ನಾನು ಅವಳಿಗೆ ಲೈಟು ಹಿಡಿಯುವವನು. ಅಂದರೆ ಮಂಟಪದಲ್ಲಿ ಎಲ್ಲರ ಕಣ್ಣಿಗೆ ಅಡ್ಡ ನಿಂತು ಬೈಸಿಕೊಳ್ಳುವವನು. ಅಕ್ಕನಿಗೆ ಒಂದು ಖಯಾಲಿ. ಯಾವ ಯಂತ್ರವಾಗಲಿ, ಮಾಡಿದವರು ಹೇಳಿದಷ್ಟೇ ಕೆಲಸ ಮಾಡಿದರೆ ಅವಳಿಗೆ ಸಮಾಧಾನವಿಲ್ಲ. ಅಮ್ಮನ ಹೊಲಿಗೆ ಯಂತ್ರಕ್ಕೆ ಮೋಟಾರು ಕಟ್ಟಿ, ಅಮ್ಮನೇ ಹೆದರಿ ದೂರ ನಿಲ್ಲುವಂತೆ ಮಾಡಿದವಳು. ಕಂಪ್ಯೂಟರು ಬಂದ ಮೇಲೆ ಅದರ ರ‍್ಯಾಮನ್ನು ನಿಗದಿಗಿಂತ ಜೋರಾಗಿ ಓಡಿಸುವುದನ್ನು ಕಲಿತಳು. ಓವರ್‌ಕ್ಲಾಕ್ ಅಂತ ಅದರ ಹೆಸರು. ವೇಗ ಒಂದಿಷ್ಟು ಏರಿಸುವುದು, "ಇನ್ನೂ ದಮ್ ಐತೆ ನೋಡೋ ಇದಕ್ಕೆ" ಎನ್ನುವುದು, ಮತ್ತೆ ಏರಿಸುವುದು.

ಹೀಗೆ ಏರಿಸಿದ ಮರುದಿನವೇ ಊರಲ್ಲೊಂದು ಮದುವೆ. ಬೆಳಗಿನ ಧಾರೆಯ ವಿಡಿಯೋವನ್ನು ಸಂಜೆ ಆರತಕ್ಷತೆಯಲ್ಲಿ ಪರದೆ ಮೇಲೆ ತೋರಿಸುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು. ಗೋವಿನಕೋವಿಯಿಂದ ಬಂದಿದ್ದ ಮದುಮಗಳ ಸೋದರಮಾವ ಬೀಗರ ಮುಂದೆಯೇ ಕೇಳಿದರು: "ಅಲ್ರೀ, ಒಂದೇ ದಿನದಾಗೆ ಹೆಣ್ಮಕ್ಕಳ ಕೈಲಿ ಆಗೋ ಕೆಲ್ಸನಾ ಇದು? ದಾವಣಗೆರೆಯೋರಿಗೆ ಹೇಳಾಣ ಅಂತ ಬಡ್ಕಂಡೆ."

"ಸಂಜೀಕೆ ಮುಂದಿನ ಕುರ್ಚ್ಯಾಗೆ ಕುಂತ್ಕಳ್ರಿ" ಎಂದಳು ಅಕ್ಕ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಧಾರೆ ಮುಗಿಸಿಕೊಂಡು ಸ್ಟುಡಿಯೋಗೆ ಬಂದು ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ನಿನ್ನೆ ಕುದುರೆಯಂತೆ ಓಡಿದ್ದು ಇವತ್ತು ಏಳಲೊಲ್ಲದು. ನಮ್ಮ ಕಡೆ ಪಂಪ್‌ಸೆಟ್ಟಿನಿಂದ ಟೀವಿಯವರೆಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು: ಆರಿಸಿ ಹಾಕುವುದು. ನಾನು ಆರಿಸಿ ಹಾಕಿದೆ. ಕಪ್ಪು. ಮತ್ತೆ ಹಾಕಿದೆ. ಮತ್ತೆ ಕಪ್ಪು. ಇನ್ನೊಮ್ಮೆ ಬೆರಳು ಚಾಚಿದಾಗ ಅಕ್ಕ ಮಣಿಕಟ್ಟಿಗೆ ಒಂದು ಏಟು ಹಾಕಿದಳು. "ಅದು ತನ್ನ ರ‍್ಯಾಮ್ ತಾನು ಪರೀಕ್ಷೆ ಮಾಡ್ಕಣಾಕೆ ಹೊತ್ತು ಬೇಕು. ನೀನು ಪ್ರತಿ ಸಲ ನಡುವೆ ಆರಿಸ್ತೀಯ. ಬೇಯೋಕೆ ಮುಂಚೆ ದೋಸೆ ಎಬ್ಬಿಸಿದ್ರೆ ಹರಿಯದೆ ಇನ್ನೇನಾಗ್ತೈತೆ? ಕೈ ತೊಡೆ ಕೆಳಗಿಟ್ಕಂಡು ಕುಂತ್ಕ!"

ಕೂತೆ. ಸುಮ್ಮನೆ ಕಾದು ನೋಡಿದೆವು, ಆಗಲೂ ಏಳಲಿಲ್ಲ. ಅಕ್ಕ ಡಬ್ಬ ಬಿಚ್ಚಿದಳು. ವಾಚಿನದರಂಥ ಪುಟ್ಟ ಸೆಲ್ಲು ಕಿತ್ತಳು; ಏರಿಸಿದ ವೇಗವೆಲ್ಲ ಕಂಪ್ಯೂಟರಿಗೆ ಮರೆತುಹೋಗಲಿ ಅಂತ. ಎರಡು ಪಟ್ಟಿಗಳನ್ನೂ ತೆಗೆದು ರಬ್ಬರಿನಿಂದ ಉಜ್ಜಿ ಒಂದನ್ನೇ ಕೂರಿಸಿದಳು. ಸೆಲ್ಲು ವಾಪಸ್ ಹಾಕಿ ಗುಂಡಿ ಒತ್ತಿ, ತಾನೂ ನನ್ನ ಪಕ್ಕ ಕೈ ತೊಡೆ ಕೆಳಗಿಟ್ಟು ಕೂತಳು. ಅವಳ ಕೈಯೂ ತುರಿಸುತ್ತಿತ್ತೆಂದು ನನಗೆ ಗೊತ್ತಾದದ್ದು ಆಗ. ಅತ್ತ ಮಂಟಪದ ವಾಲಗ ಕೇಳಿಸುತ್ತಿತ್ತು. ಕಪ್ಪು ಪರದೆಯಲ್ಲಿ ನಮ್ಮಿಬ್ಬರದೇ ಮುಖ.

ಬೆಳಕು ಬಂತು. ಇನ್ನೊಂದು ಪಟ್ಟಿ ಸೇರಿಸಿ ಮತ್ತೆ ಕಾದೆವು, ಅದೂ ಬಂತು. "ವೇಗ ಏರಿಸ್ತೀಯಾ?" ಎಂದು ಕೆಣಕಿದೆ. "ಅದನ್ನ ನಾಳೆ ನೋಡ್ಕಣಾಣ. ಇವತ್ತು ಮದುವಿ ಐತೆ" ಎಂದು ಕೆಲಸಕ್ಕೆ ಕೂತವಳು ಊಟಕ್ಕೂ ಏಳಲಿಲ್ಲ.

ಸಂಜೆ ಸೋದರಮಾವ ನಿಜವಾಗಿಯೂ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಪರದೆ ಮೇಲೆ ಧಾರೆ ಎರೆಯುವ ದೃಶ್ಯ ಬಂತು; ಅದರೊಳಗೆ ಜನರ ಮರೆಯಲ್ಲಿ ನಿಂತು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿರುವವರು ಯಾರು? ಅವರೇ! ಇಡೀ ಮಂಟಪ ಅವರತ್ತ ತಿರುಗಿ ನಕ್ಕಿತು. ಅವರೂ ನಕ್ಕರು, ಮತ್ತೆ ಅದೇ ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ನೇರ ಅಕ್ಕನ ಹತ್ತಿರ ಬಂದರು. ಫೋಟೋದವರಿಗೆ ಎಲ್ಲ ಮದುವೆಯಲ್ಲೂ ಕೊನೆಯ ಪಂಕ್ತಿ, ಪಾಯಸದ ತಳ, ನೀವೂ ಕಂಡಿರುತ್ತೀರಿ. "ಬರ್ರೀ ತಾಯಿ, ನೀವು ಕುಂತ ಮ್ಯಾಲೆ ಉಳಿದೋರು" ಎಂದು ಅವರು ಅಕ್ಕನನ್ನು ಬೀಗರ ಸಾಲಿನಲ್ಲಿ ಕೂರಿಸಿ, ತಾವೇ ನಿಂತು ತುಪ್ಪ ಬಡಿಸಿದರು. ಲೈಟಿನ ಕೋಲು ಹಿಡಿದು ಗೋಡೆಗೆ ಒರಗಿದ್ದ ನನಗೆ ಹಸಿವೇ ಮರೆತುಹೋಗಿತ್ತು. ಯಾರೋ "ವಿಡಿಯೋ ಯಾರು ಮಾಡಿದ್ದು?" ಎಂದು ಇನ್ಯಾರನ್ನೋ ಕೇಳಿದರು. ನನ್ನನ್ನು ಕೇಳದಿದ್ದರೂ "ನಮ್ಮಕ್ಕ" ಎಂದೆ, ಸ್ವಲ್ಪ ಜೋರಾಗಿಯೇ.

ಈಗ ರಬ್ಬರಿನ ಪುಡಿ ಊದಿ ಪಟ್ಟಿ ಕೂರಿಸಿದ್ದೇನೆ. ಗುಂಡಿ ಒತ್ತಿ ಆಯಿತು. ಪರದೆ ಕಪ್ಪು. ರಬ್ಬರು ಹುಡುಕುತ್ತ ಬಂದ ಮಗಳು, "ಅಪ್ಪ, ಆರಿಸಿ ಹಾಕು" ಎನ್ನುತ್ತಿದ್ದಾಳೆ.

"ಕುಂತ್ಕ ಬಾ" ಎಂದೆ. "ಕೈ ತೊಡೆ ಕೆಳಗಿಟ್ಕ. ನಿಮ್ಮತ್ತೆ ಕಲಿಸಿದ್ದು ಇದು."