ಮೆಣಸಿನಕಾಯಿ ಸುಟ್ಟ ಮೇಡಂ

ಅವರ ಅಂಗೈ ಸದಾ ಬೆಚ್ಚಗಿರುತ್ತಿತ್ತು. ಸ್ಕ್ಯಾನಿಂಗಿಗೆ ಹಚ್ಚುವ ಜೆಲ್ಲನ್ನು ನೇರ ಹೊಟ್ಟೆಗೆ ಸುರಿಯದೆ, ಮೊದಲು ಎರಡೂ ಅಂಗೈಗಳ ನಡುವೆ ಉಜ್ಜಿ ಚಳಿ ಬಿಡಿಸುತ್ತಿದ್ದರು. “ಹೆದರಿ ಬಂದಾಕಿಗೆ ಮತ್ತ ತಣ್ಣಂದು ಯಾಕ ಹಚ್ಚಬೇಕು?” ಎನ್ನುವರು. ರಾಣೆಬೆನ್ನೂರಿನಲ್ಲಿ ಎಲ್ಲರಿಗೂ ಅವರು ಸ್ಕ್ಯಾನಿಂಗ್ ಮೇಡಂ.

ಮದುವೆಯಾದ ನಾಲ್ಕನೇ ವರ್ಷ ಅವರ ಬಳಿ ಹೋದೆ. ಮಗು ಬೇಕಿತ್ತು; ಸಿಕ್ಕಿದ್ದು ಗರ್ಭಚೀಲದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ರಕ್ತಸ್ರಾವ ನನ್ನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಚೀಲವನ್ನೇ ತೆಗೆಸಿಬಿಡಿ ಎಂದು ಇನ್ನೊಬ್ಬ ಡಾಕ್ಟರು ಹೇಳಿಯಾಗಿತ್ತು. ನಮ್ಮ ಓಣಿಯ ಹೆಂಗಸರು ಅದನ್ನು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಮಾತಾಡುತ್ತಿದ್ದರು. ಹಲಗೇರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನೂ ಜಾಣೆಯ ಹಾಗೆ ಹೂಂ ಅಂದಿದ್ದೆ.

“ಏನ್ರೀ ಅಕ್ಕೋರ, ನೆಗಡಿ ಬಂತಂತ ಮೂಗು ಕೊಯ್ಕೋತಾರೇನ್ರಿ?” ಎಂದರು ಮೇಡಂ. ಧ್ವನಿಯ ಅಲೆಗಳನ್ನು ಹೊರಗಿನಿಂದಲೇ ಒಂದೆಡೆ ಕೂಡಿಸಿ ಗಡ್ಡೆಯನ್ನಷ್ಟೇ ಸುಡುವ ಚಿಕಿತ್ಸೆ ದೊಡ್ಡ ಊರಿನಲ್ಲಿದೆಯಂತೆ, ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಹೊಟ್ಟೆ ಸುಡದೆ ಒಳಗಿನದು ಹೇಗೆ ಸುಟ್ಟೀತು ಎಂದು ನಾನು ವಾದಕ್ಕಿಳಿದೆ.

ಮೇಡಂ ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಕಿಟಕಿಗೆ ಹೋದರು. ಬ್ಯಾಡಗಿಯ ಪೇಷಂಟೊಬ್ಬರು ಕೊಟ್ಟುಹೋಗಿದ್ದ ಒಣಮೆಣಸಿನಕಾಯಿಯೊಂದನ್ನು ಅದರ ಕೆಳಗಿಟ್ಟರು. ಬಿಸಿಲು ಒಂದು ಚುಕ್ಕೆಯಾಗಿ ಕೂಡಿತು. “ಗಾಜು ಮುಟ್ಟಿ ನೋಡ್ರಿ, ತಣ್ಣಗೈತಿ” ಎನ್ನುವಷ್ಟರಲ್ಲಿ ಮೆಣಸಿನಕಾಯಿ ಹೊಗೆಯಾಡಿತು. ಹೊರಗೆ ಕಾಯುತ್ತಿದ್ದ ಬಸುರಿಯರೆಲ್ಲ ಕೆಮ್ಮತೊಡಗಿದರು. ನರ್ಸಮ್ಮ ಓಡಿಬಂದು ಮೇಡಂಗೇ ಬೈದಳು. ವರ್ಷವರ್ಷವೂ ಮಸೂರದ ಪಾಠ ಮಾಡುವ ನಾನು ಕೆಮ್ಮುತ್ತಲೇ ಗಾಜು ಮುಟ್ಟಿ ನೋಡಿದೆ, ತಣ್ಣಗೇ ಇತ್ತು.

ಕಣ್ಣೊರೆಸಿಕೊಳ್ಳುತ್ತಲೇ ಅವರು ಹೇಳಿದ್ದು: “ಎಲ್ಲಾ ಗಡ್ಡಿಗೂ ಇದು ಆಗಂಗಿಲ್ಲ. ನಿಮ್ಮದಕ್ಕ ಆಗ್ತದೋ ಇಲ್ಲೋ ಅಲ್ಲಿ ಡಾಕ್ಟರ ಹೇಳಬೇಕು. ಆದ್ರ ಬ್ಯಾರೆ ದಾರಿ ಐತೇನಂತ ಕೇಳದ ತೆಗಸಬ್ಯಾಡ್ರಿ. ನಾ ಕೇಳಿರಲಿಲ್ಲ.”

ಇಪ್ಪತ್ತೊಂಬತ್ತಕ್ಕೇ ಅವರ ಗರ್ಭಚೀಲ ತೆಗೆದಿದ್ದರು. ಸ್ವತಃ ಡಾಕ್ಟರಾಗಿದ್ದೂ ಸುಮ್ಮನೆ ಒಪ್ಪಿದ್ದರು.

ನನ್ನ ಗಡ್ಡೆಗೆ ಆ ಚಿಕಿತ್ಸೆ ಹೊಂದಿತು. ಒಂದು ಮಧ್ಯಾಹ್ನ ಬೋರಲು ಮಲಗಿದ್ದೆ, ಅಷ್ಟೇ. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲದೆ ಊರಿಗೆ ಬಂದೆ. ಎರಡು ವರ್ಷದ ಮೇಲೆ ಅದೇ ಬೆಚ್ಚಗಿನ ಅಂಗೈ ನನ್ನ ಮಗುವಿನ ಎದೆಬಡಿತ ಕೇಳಿಸಿತು. ಆ ದಿನ ನನಗಿಂತ ಹೆಚ್ಚು ಅತ್ತವರು ಮೇಡಂ.

ಹೋದ ವರ್ಷ ಅವರು ತೀರಿಕೊಂಡರು. ಅವರ ಋಣ ತೀರುವಂಥದ್ದಲ್ಲ. ಮಸೂರದ ಪಾಠಕ್ಕೆ ನಾನೀಗ ಕಾಗದ ಸುಡುವುದಿಲ್ಲ, ಮೆಣಸಿನಕಾಯಿ ಸುಡುತ್ತೇನೆ. ಕೆಮ್ಮು ನಿಂತ ಮೇಲೆ ಮಕ್ಕಳಿಗೆ ಹೇಳುತ್ತೇನೆ: “ಬ್ಯಾರೆ ದಾರಿ ಐತೇನಂತ ಕೇಳದ ಏನೂ ತೆಗಸಬ್ಯಾಡಂತ ಮನ್ಯಾಗ ಅವ್ವಗ ಹೇಳ್ರಿ.”