ಹುಳ ಜ್ವರಕ್ಕೆ ಕೂತ ದಿನ

ಶ್ಯಾಮಲಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಟೇಕಲ್ ಕಡೆಯವರು ಹೇಳುತ್ತಾರೆ. ಹೇಳುವವರು ಒಂದು ಬೆಳೆ ರೇಷ್ಮೆಹುಳ ಸಾಕಿ ನೋಡಲಿ. ಮನೆಯಲ್ಲಿ ಹುಳ ಇರುವಷ್ಟು ದಿನ ಅವಳಿಗೆ ಮದುವೆಯಿಲ್ಲ, ಮುಂಜಿಯಿಲ್ಲ, ತವರೂ ಇಲ್ಲ. ಸೊಪ್ಪು ತರಬೇಕು, ಹಾಕಬೇಕು, ಕಸ ತೆಗೆಯಬೇಕು, ಮತ್ತೆ ಸೊಪ್ಪಿಗೆ ಓಡಬೇಕು. ಬಿಡುವೆಂದರೆ ಹುಳ ಜ್ವರಕ್ಕೆ ಕೂತ ದಿನ. ಪೊರೆ ಬಿಡುವ ಮುಂಚೆ ಅವು ಎಲೆ ಮುಟ್ಟದೆ, ತಲೆಯೆತ್ತಿಕೊಂಡು ಸುಮ್ಮನೆ ಕೂರುತ್ತವೆ. ಅದಕ್ಕೇ ಈ ಕಡೆ ಜ್ವರ ಎನ್ನುವುದು. ಎದ್ದವೆಂದರೆ ಆ ಹಸಿವು ಯಾರ ಮಾತನ್ನೂ ಕೇಳುವುದಿಲ್ಲ.

ಈ ಸಲ ಜ್ವರ ಕೋಲಾರದ ವಿಜ್ಞಾನ ಮೇಳದ ದಿನವೇ ಬಂತು. ಏಳನೇ ಕ್ಲಾಸಿನ ಮಗಳು ದಿವ್ಯ ವಾರದಿಂದ ಒಂದೇ ಹಟ ಹಿಡಿದಿದ್ದಳು. ತಿರುಗುವ ಸ್ಟೂಲಿನ ಮೇಲೆ ಕೂತು, ಜೋರಾಗಿ ಸುತ್ತುತ್ತಿರುವ ಸೈಕಲ್ ಚಕ್ರವನ್ನು ಕೈಯಲ್ಲಿ ಹಿಡಿದು ವಾಲಿಸಿದರೆ ಸ್ಟೂಲು ತಾನೇ ತಿರುಗುತ್ತದಂತೆ. ಮೇಷ್ಟ್ರು ಹೇಳಿದ್ದನ್ನು ಅವಳು ನಂಬಿರಲಿಲ್ಲ. ಕೂತೇ ನೋಡಬೇಕಿತ್ತು.

"ನಡಿಯೇ ಹೋಗೋಣ. ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದ್ಬಿಡ್ಬೇಕು, ಹುಳ ಕಾಯಲ್ಲ" ಎಂದು ಶ್ಯಾಮಲಮ್ಮ ಒಳ್ಳೆಯ ಸೀರೆಯನ್ನೇ ಉಟ್ಟಳು.

ಕೋಲಾರದ ಕಾಲೇಜಿನ ಸಭಾಂಗಣದ ಮೇಲೆ 'ಮುಟ್ಟಿ ನೋಡಿ, ಮಾಡಿ ಕಲಿಯಿರಿ' ಎಂಬ ಬ್ಯಾನರು. ಅದರ ಕೆಳಗೆ, ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು. ಮುಖ್ಯ ಅತಿಥಿ ಬಂದು ಅದನ್ನು ಕತ್ತರಿಸುವವರೆಗೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಹತ್ತು ಊರಿನ ಮಕ್ಕಳು ಬಿಸಿಲಲ್ಲಿ ಕೂತಿದ್ದರು.

"ದಾರೀಲಿದ್ದಾರಮ್ಮ" ಎಂದರು ಮೇಳದ ಉಸ್ತುವಾರಿಯ ಮುರಳೀಕೃಷ್ಣ, ಕಿವಿಯಿಂದ ಫೋನು ತೆಗೆಯದೆ. ಒಂದು ಗಂಟೆ ಬಿಟ್ಟು ಕೇಳಿದರೂ ದಾರಿಯಲ್ಲೇ ಇದ್ದರು.

"ಅದ್ಯಾವ ದಾರಿ ಸಾರ್? ಮುಳಬಾಗಿಲಿಂದ ನಡ್ಕೊಂಡ್ ಬಂದಿದ್ರೂ ಇಷ್ಟೊತ್ತಿಗೆ ಬಂದ್ಬಿಡ್ತಿದ್ರು!"

"ಪೋನೀ ಅಕ್ಕಾ, ಹೋಗ್ಲಿ ಬಿಡು" ಎಂದು ಪಕ್ಕದಲ್ಲಿ ಕೂತಿದ್ದ ಅವಳೂರಿನ ಆಂಜಿನಮ್ಮ ಸೆರಗು ಎಳೆದಳು. ಶ್ಯಾಮಲಮ್ಮನ ಮೈ ಉರಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅಪರೂಪಕ್ಕೆ ಸಿಗುವ ಬಿಡುವು ಯಾರದೋ ಕಾರಿಗೆ ಕಾಯುತ್ತಾ ಕರಗುತ್ತಿದೆ. ಬಸ್ಸಿಗೆ ಉಳಿದಿರುವುದು ಅರ್ಧ ಗಂಟೆ.

ಅಷ್ಟರಲ್ಲಿ ದಿವ್ಯ ಟೇಪಿನ ಮೇಲೆ ಕೈಯಿಟ್ಟು ಬಾಗಿ, ಒಳಗಿನ ಸ್ಟೂಲನ್ನು ನೋಡಲು ಹೋದಳು.

"ಏಯ್, ಯಾವೂರೇ ನಿಂದು? ಕೈ ತೆಗಿ!" ಎಂದು ಮುರಳೀಕೃಷ್ಣ ಗದರಿದರು. ಹುಡುಗಿ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

ಶ್ಯಾಮಲಮ್ಮ ಕೂಗಾಡಲಿಲ್ಲ. ಅತಿಥಿಗೆಂದು ಬಾಗಿಲ ಬಳಿ ಇಟ್ಟಿದ್ದ ತಟ್ಟೆಯಲ್ಲಿ ಹೂವಿನ ನಡುವೆ ಮಲಗಿದ್ದ ಕತ್ತರಿಯನ್ನು ಎತ್ತಿ ಮಗಳ ಕೈಗಿಟ್ಟಳು. "ಕತ್ತರಿಸೇ."

ದಿವ್ಯ ಅಮ್ಮನ ಮುಖ ನೋಡಿದಳು, ಕತ್ತರಿಸಿದಳು. ಕಟ್ಟೆ ಒಡೆದ ಹಾಗೆ ಮಕ್ಕಳೆಲ್ಲ ಒಳಗೆ ನುಗ್ಗಿದರು.

ಸೊಪ್ಪು ಕೊಯ್ದು ಗಟ್ಟಿಯಾದ ಕೈಯಿಂದ ಶ್ಯಾಮಲಮ್ಮ ಚಕ್ರವನ್ನು ಬೀಸಿ ತಿರುಗಿಸಿ ಕೊಟ್ಟಳು. ದಿವ್ಯ ವಾಲಿಸಿದಳು. ಸ್ಟೂಲು ಮೆಲ್ಲಗೆ ತಿರುಗಿತು. "ಅಮ್ಮಾ, ನಿಜ ಕಣಮ್ಮಾ! ನೀನೂ ಕೂತ್ಕೋ, ನಾನ್ ತಿರುಗಿಸ್ತೀನಿ!"

ಶ್ಯಾಮಲಮ್ಮ ಕೂತಳು. ಚಕ್ರ ಕೈಯೊಳಗೆ ಜೀವವಿದ್ದಂತೆ ಸೆಣಸಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಆಗಲೇ ಹೊರಗೆ ಕಾರು ಬಂತು. "ಎಲ್ರೂ ಹೊರಗ್ ಬನ್ನಿ, ಟೇಪು ಮತ್ತೆ ಕಟ್ತೀವಿ!" ಎಂದು ಮುರಳೀಕೃಷ್ಣ ಓಡಿ ಬಂದರು. ಮಕ್ಕಳು ಹೆದರಿ ಹೊರಟರು. ಶ್ಯಾಮಲಮ್ಮನ ಕೋಪ ಮತ್ತೆ ನೆತ್ತಿಗೇರಿತು.

"ನೀನ್ ಹೋಗ್ಬ್ಯಾಡ ಕಣೇ. ಇನ್ನೊಂದ್ಸಲ ತಿರುಗ್ಸು, ಜೋರಾಗಿ."

ಹೊರಗೆ ಚಪ್ಪಾಳೆ ಬಿತ್ತು. ಹಾರ ಹಾಕಿಕೊಂಡ ಅತಿಥಿ ಒಳಗೆ ಬಂದು, ಸ್ಟೂಲಿನ ಮುಂದೆ ನಿಂತು, ಫೋಟೋದವನ ಕಡೆ ನೋಡಿ, "ಸ್ವಲ್ಪ ಏಳಮ್ಮ" ಎಂದರು.

"ನನ್ ಮಗಳು ಬೆಳಗ್ಗಿಂದ ಕಾದವ್ಳೆ. ನೀವೂ ಸ್ವಲ್ಪ ಕಾಯಿರಿ ಸಾರ್" ಎಂದು ಶ್ಯಾಮಲಮ್ಮ ಚಕ್ರವನ್ನು ವಾಲಿಸಿದಳು. ಸ್ಟೂಲು ತಾನೇ ತಿರುಗಿ, ಅವಳ ಬೆನ್ನನ್ನು ಅತಿಥಿಯ ಕಡೆಗೆ ತಂದಿತು.