ಕೆಮ್ಮಣ್ಣಿನ ಹಾವು, ನಾಲ್ಕು ದಿನದ ಛುಟ್ಟಿ

ಮೊನ್ನೆ ಹುಮನಾಬಾದಿನಲ್ಲಿ ನನ್ನ ಬಾಡಿಗೆ ಮನೆಯ ಎದುರು ಯಾರೋ ತುಳಸಿಕಟ್ಟೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಹಸಿಮಣ್ಣಿನ ವಾಸನೆ ಬಂದದ್ದೇ ತಡ, ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾವು ಚಿಕ್ಕಮ್ಮನಂತೆ ಕಾಣುತ್ತಿದ್ದ ಕಾಕುವಿನ ಬೆನ್ನು ನೆನಪಾಯಿತು. ಆ ಬೆನ್ನನ್ನು ನಾನು ಕಂಡಿದ್ದೆನೇ? ಇರಲಿಕ್ಕಿಲ್ಲ. ಅವ್ವ ನೋಡಿ ಬಂದು ಹೇಳಿದ್ದನ್ನೇ ನಾನು ಕಂಡಂತೆ ಇಟ್ಟುಕೊಂಡಿರಬೇಕು...

ಕಾಕುವಿನ ಅತ್ತೆ ಸೊಂಟ ಮುರಿದುಕೊಂಡು ಪಡಸಾಲೆಯ ಮಂಚ ಹಿಡಿದಿದ್ದಳು. ಬಾಯಿ ಮಾತ್ರ ಗಟ್ಟಿಯಿತ್ತು. ಏನಾದರೂ ಬೇಕಾದಾಗ ಹಿತ್ತಾಳೆ ಲೋಟದಿಂದ ಮಂಚದ ಕಾಲಿಗೆ ಬಡಿಯುತ್ತಿದ್ದಳು, ಬೇಡವಾದಾಗಲೂ ಬಡಿಯುತ್ತಿದ್ದಳು. ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದರೆ, "ಏನಿಲ್ಲ, ಜೀವಂತ ಅದಿ ಏನಂತ ನೋಡ್ದೆ" ಎಂದು ನಗುತ್ತಿದ್ದಳು. ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಹಂಗಾಮು ಶುರುವಾದರೆ ಹಳ್ಳಿಖೇಡದ ಕಡೆಗೇ ಇರುತ್ತಿದ್ದ. ಆ ಲೋಟದ ಸದ್ದು ವರ್ಷಗಟ್ಟಲೆ ನಮ್ಮ ಗೋಡೆ ದಾಟಿ ಬರುತ್ತಿತ್ತು.

ನಾನು ಕಾಲೇಜಿನಲ್ಲಿದ್ದಾಗ ಕಾಕುವಿನ ಪಕ್ಕೆಯ ಸುತ್ತ ಬೊಕ್ಕೆ ಎದ್ದವು. ಸರ್ಪಸುತ್ತು. ಯಾವ ಜನ್ಮದಲ್ಲೋ ಹಾವು ಹೊಡೆದಿದ್ದಾಳೆ ಎಂದು ಅತ್ತೆ ಓಣಿಗೆಲ್ಲ ಸಾರಿದಳು. ಘಾಟಬೋರಾಳದ ಮುದುಕಿಯೊಬ್ಬಳು ಬಂದು ಬೊಕ್ಕೆಗಳ ಸುತ್ತ ಕೆಮ್ಮಣ್ಣಿನ ಹಾವು ಬರೆದಳು. ಬೊಕ್ಕೆ ಮೈಸುತ್ತ ಹಬ್ಬಿ ಹೆಡೆ, ಬಾಲ ಕೂಡಿದರೆ ಸಾವು ಎಂಬ ನಂಬಿಕೆ. ಮೈಮೇಲೆ ಹಾವಿರುವ ತನಕ ಆಕೆ ಒಲೆ ಮುಟ್ಟುವಂತಿಲ್ಲ, ಯಾರ ನೆರಳೂ ಆಕೆಯ ಮೇಲೆ ಬೀಳುವಂತಿಲ್ಲ, ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರಬೇಕು. ಅತ್ತೆಯ ಚಾಕರಿಗೆ ನಿರ್ಣಾದಿಂದ ಅವಳ ಮಗಳೇ ಬಂದಳು.

ಆ ಕೋಣೆಯಲ್ಲಿ ಕಾಕು ಉರಿಯುವ ಪಕ್ಕೆಯನ್ನು ಮೇಲೆ ಮಾಡಿಕೊಂಡು ನಿದ್ದೆ ಹೋದರು. ಮದುವೆಯಾದ ಮೇಲೆ ಹಗಲು ನಿದ್ದೆ ಕಂಡದ್ದು ಅದೇ ಮೊದಲೆಂದು ಅವ್ವನಿಗೆ ಹೇಳಿದ್ದರಂತೆ. ಬೊಕ್ಕೆ ಒಣಗಿದವು. ಕೆಮ್ಮಣ್ಣು ತೊಳೆಯಲು ಮುದುಕಿ ಬಂದಾಗ ಕಾಕು ಮೆಲ್ಲಗೆ ಕೇಳಿದರು:

"ಆಯಿ, ಇನ್ನ ನಾಕ್ ದಿನ ಹಾವು ಇರಲಿ. ಒಣಗಿಲ್ಲಂತ ಹೇಳ್ರಿ."

ಮುದುಕಿಗೆ ಇದು ನಗೆಯ ಮಾತು. ಹಾವು ತೊಳೆದು, ಹೊರಗೆ ಚಹಾ ಕುಡಿಯುತ್ತ ಅತ್ತೆಯ ಮುಂದೆ ಹೇಳಿಬಿಟ್ಟಳು. ಸಂಜೆಯೊಳಗೆ ಓಣಿಯೆಲ್ಲ ನಕ್ಕಿತು. "ನಮಗೂ ಒಂದು ಹಾವು ಬರಸ್ರೆವ್ವಾ, ಛುಟ್ಟಿ ಬೇಕಾಗ್ಯದ" ಎಂದು ನಲ್ಲಿಯ ಹತ್ತಿರ ಹೆಂಗಸರು ಕಾಡುತ್ತಿದ್ದರು. ಕಾಕುವೂ ನಗುತ್ತಿದ್ದರು.

ಮುಂದಿನ ಹಂಗಾಮಿನಲ್ಲಿ ಹಣೆಯ ಒಂದು ಬದಿ ಸುಟ್ಟಂತಾಗುತ್ತದೆ ಎಂದರು. ಬೊಕ್ಕೆ ಇರಲಿಲ್ಲ. ನೋವು ಮೊದಲು, ಬೊಕ್ಕೆ ಆಮೇಲೆ ಎಂದು ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿತ್ತು?

"ಮತ್ತ ಛುಟ್ಟಿ ಬೇಕಾಯ್ತೇನು?" ಎಂದಳು ಅತ್ತೆ. "ಎಲ್ಲ್ಯದ ಹಾವು? ತೋರ್ಸು."

ತೋರಿಸಲು ಏನೂ ಇರಲಿಲ್ಲ. ಲೋಟ ಬಡಿಯುತ್ತಲೇ ಇತ್ತು. ರೆಪ್ಪೆಯ ಮೇಲೆ ಬೊಕ್ಕೆ ಎದ್ದ ಮೇಲಷ್ಟೇ ಮುದುಕಿಗೆ ಹೇಳಿಕಳಿಸಿದರು. ಕಣ್ಣಿನ ಸುತ್ತ ಹಾವು ಬರೆಯಲು ಆಕೆ ಒಪ್ಪಲಿಲ್ಲ. ಕೊನೆಗೆ ಅವ್ವನೇ ಹುಮನಾಬಾದಿನ ಡಾಕ್ಟರ ಹತ್ತಿರ ಕರೆದೊಯ್ದಳು. ತಡವಾಯಿತು, ಮಾತ್ರೆ ಮೊದಲೇ ಶುರುವಾಗಬೇಕಿತ್ತು ಎಂದರು ಅವರು. ಇನ್ನಾದರೂ ಈಕೆಗೆ ಆರಾಮ ಕೊಡಿ ಎಂದೂ ಹೇಳಿದರು. ಅವ್ವ ಅದನ್ನು ತಿಳಿಸಿದಾಗ ಅತ್ತೆ ಕೇಳಿದಳು, "ಆರಾಮ ಅನ್ನೋ ಗುಳಿಗಿ ಯಾವ ದುಕಾನ್ದಾಗ ಸಿಗ್ತದ?"

ಆ ಕಣ್ಣಿಗೆ ಮತ್ತೆ ಬೆಳಕು ಬರಲಿಲ್ಲ.

ನಾನು ವಿಜ್ಞಾನ ಓದಿದವನು. ಚಿಕ್ಕಂದಿನ ಚಿಕನ್‌ಪಾಕ್ಸಿನ ವೈರಸ್ ನರಗಳಲ್ಲಿ ಅಡಗಿ ಮಲಗಿರುತ್ತದೆ, ಮೈ ಸೋತಾಗ ಏಳುತ್ತದೆ. ವರ್ಷಗಟ್ಟಲೆಯ ಒತ್ತಡವೂ ಅದನ್ನು ಎಬ್ಬಿಸಬಹುದು. ಬಹುದು, ಅಷ್ಟೆ. ಅಂಥ ಮನೆಗಳಲ್ಲಿ ಬದುಕಿದವರಿಗೆಲ್ಲ ಸರ್ಪಸುತ್ತು ಬರುವುದಿಲ್ಲ. ನಿದ್ದೆ ಸಿಗದಿದ್ದರೂ ಮೊದಲ ಸಲದ ಬೊಕ್ಕೆ ತಾವಾಗಿ ಒಣಗುತ್ತಿದ್ದವೇನೋ. ಲೋಟದ ಮೇಲೆ ತಪ್ಪು ಹೊರಿಸಲು ನನ್ನ ಬಳಿ ಪುರಾವೆಯಿಲ್ಲ. ಅದು ಹಿತ್ತಾಳೆಯದು ಎಂಬುದೂ ಖಾತ್ರಿಯಿಲ್ಲ... ಸ್ಟೀಲಿನದು ಎನ್ನುತ್ತಾಳೆ ಅಕ್ಕ.

ಹೋದ ವರ್ಷ ಕಾಕು ಮಲಗಿದಲ್ಲೇ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಅತ್ತೆ ಇನ್ನೂ ಅದೇ ಮಂಚದ ಮೇಲೆ ಇದ್ದಳು. ನನ್ನ ಗುರುತು ಹಿಡಿದು, ಒಳಗಿನ ಕೋಣೆಯ ಕಡೆ ಗದ್ದ ಎತ್ತಿ ಹೇಳಿದಳು:

"ಕಡೀಗಿ ಛುಟ್ಟಿ ತಗೊಂಡೇ ಬಿಟ್ಟಳು ನೋಡಪಾ."

ಇದನ್ನು ಮಾತ್ರ ಯಾರೂ ನನಗೆ ಹೇಳಿದ್ದಲ್ಲ, ನಾನೇ ಕೇಳಿದ್ದು.

ಎದುರುಮನೆಯ ಕೆಮ್ಮಣ್ಣು ಮಧ್ಯಾಹ್ನದ ಬಿಸಿಲಿಗೆ ಒಣಗಿ, ವಾಸನೆ ಹೋಗಿತ್ತು. ಕಾಕುವಿನ ಹಾವನ್ನು ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಯಾರಿಗೇನು ನಷ್ಟವಿತ್ತು?